ಅಪ್ಪನ ಮುಂದೆ ಹಚ್ಚಿದ ಚುಟ್ಟಾ

ಕರಿ ಚುಟ್ಟಾ ಸೇದುವುದಕ್ಕೆ ಮುಕ್ಕಾಲು ಗಂಟೆ ಬಿಡುವು ಬೇಕು. ಬೀಡಿ, ಸಿಗರೇಟಿನವರಿಗೆ ಈ ಮಾತು ತಲೆಗೆ ಹೋಗುವುದಿಲ್ಲ. ಅವರದು ನಿಂತಲ್ಲೇ ಮುಗಿಯುವ ಕೆಲಸ. ಬಸ್ಸು ಬರುವುದರೊಳಗೆ ನಾಲ್ಕು ದಮ್ಮು ಎಳೆದು, ಎಸೆದು, ಚಪ್ಪಲಿಯಿಂದ ತಿಕ್ಕಿ ಹತ್ತಿಬಿಡುತ್ತಾರೆ. ಚುಟ್ಟಾಕ್ಕೆ ಕೂಡಬೇಕು. ಬೆನ್ನಿಗೆ ಗೋಡೆ ಇರಬೇಕು, ಎದುರಿಗೆ ಮಾತಾಡುವವರು ಯಾರೂ ಇರಬಾರದು. ಅವಸರ ಮಾಡಿ ಎಳೆದರೆ ನಾಲಿಗೆ ಸುಡುತ್ತದೆ, ಮರೆತು ಕೂತರೆ ಆರಿಹೋಗುತ್ತದೆ.

ನಮಗೆ ಚುಟ್ಟಾ ಬರುತ್ತಿದ್ದುದು ಗುರುಮಠಕಲ್ ಕಡೆಯಿಂದ. ಹೆಬ್ಬೆರಳಿನ ದಪ್ಪ, ಗೇಣಿಗಿಂತ ತುಸು ಕಡಿಮೆ ಉದ್ದ. ಎಲೆಗೆ ಬೆಲ್ಲದ ನೀರು ಚಿಮುಕಿಸಿ, ಗೋಣಿತಟ್ಟಿನಲ್ಲಿ ಸುತ್ತಿ, ಮೇಲೆ ಕಲ್ಲು ಹೇರಿ ತಿಂಗಳುಗಟ್ಟಲೆ ಮಾಗಿಸುತ್ತಾರೆ. ಎಲೆ ಒಳಗೊಳಗೇ ಬಿಸಿಯಾಗಿ, ಬೆವರಿ, ಹುರಿದ ಕಾಫಿಬೀಜದ ಬಣ್ಣಕ್ಕೆ ತಿರುಗುತ್ತದೆ. ಹಚ್ಚುವ ಮೊದಲು ಮೂಗಿಗೆ ಹಿಡಿದರೆ ಹಳೆಯ ಬೆಲ್ಲದ ವಾಸನೆ, ಒಣ ಮೇವಿನ ವಾಸನೆ. ಹಚ್ಚಿದ ಮೇಲೆ ಮೊದಲು ಖಾರ, ಆಮೇಲೆ ಸಣ್ಣಗೆ ಸಿಹಿ, ಅರ್ಧಕ್ಕೆ ಬಂದಾಗ ಹುರಿದ ಶೇಂಗಾದ ರುಚಿ. ನಮ್ಮ ಶಾಲೆಯ ಮಾಸ್ತರೊಬ್ಬರ ಅಳಿಯ ದುಬೈಯಿಂದ ಬಂದಾಗ ಗಾಜಿನ ಕೊಳವೆಯಲ್ಲಿಟ್ಟ ಒಂದು ಸಿಗಾರ್ ತಂದುಕೊಟ್ಟಿದ್ದ. ಮಡೂರೊ ಎನ್ನುತ್ತಾರಂತೆ, ಮಾಗಿದ್ದು ಎಂದು ಅರ್ಥವಂತೆ. ಅದೂ ಕಪ್ಪು, ಅದೂ ಖಾರ, ಹಿಂದೆಯೇ ಬರುವ ಸಿಹಿಯೂ ಅದೇ. ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಗಾಜಿನ ಕೊಳವೆಯೊಂದನ್ನು ಬಿಟ್ಟರೆ ನಮ್ಮದಕ್ಕಿಂತ ಹೆಚ್ಚಿನದೇನೂ ಅದರಲ್ಲಿ ನನಗೆ ಕಾಣಲಿಲ್ಲ.

ಇದು ಕೆಟ್ಟ ಚಟ ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ವನದುರ್ಗದ ದಾರಿಯಲ್ಲಿರುವ ಒಂದು ಹಳ್ಳಿಯ ಶಾಲೆಯಲ್ಲಿ ನಾನು ವಿಜ್ಞಾನದ ಮಾಸ್ತರ. ತಂಬಾಕಿನಿಂದ ಏನೇನು ಕೆಡುತ್ತದೆ ಎಂಬ ಪಾಠವನ್ನು ವರ್ಷಕ್ಕೊಮ್ಮೆ ಮಕ್ಕಳಿಗೆ ಮಾಡುವವನು ನಾನೇ. ಪಾಠ ಮುಗಿಸಿ ಶಹಾಪುರಕ್ಕೆ ಮನೆಗೆ ಬಂದು, ಹಿತ್ತಲಿನ ಬಚ್ಚಲ ಗೋಡೆಗೆ ಒರಗಿ, ಮಲಗಿದ ಬುದ್ಧನ ಹಾಗೆ ಕಾಣುವ ಗುಡ್ಡದ ಕಡೆ ಮುಖ ಮಾಡಿ ಚುಟ್ಟಾ ಹಚ್ಚುತ್ತಿದ್ದವನೂ ನಾನೇ. ನಾಚಿಕೆಯಾಗುತ್ತಿತ್ತು. ಎರಡನೇ ದಮ್ಮಿಗೆ ಆ ನಾಚಿಕೆ ಹೋಗುತ್ತಿತ್ತು.

ಅದೇ ಹೊತ್ತಿಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಅಪ್ಪ ಕೂತು ಅದೇ ಗುರುಮಠಕಲ್ ಚುಟ್ಟಾ ಸೇದುತ್ತಿರುತ್ತಿದ್ದ. ಮುಂದೆ ಅಪ್ಪ, ಹಿಂದೆ ನಾನು, ನಡುವೆ ಎರಡು ಕೋಣೆ ಮತ್ತು ಒಂದು ಅಡಿಗೆಮನೆ. ಗಾಳಿ ತಿರುಗಿದ ದಿನ ಅವನ ಹೊಗೆ ನನ್ನ ಹೊಗೆಯನ್ನು ಕೂಡಿಕೊಂಡು ಅಡಿಗೆಮನೆಯಲ್ಲಿ ನಿಲ್ಲುತ್ತಿತ್ತು. ನನ್ನ ಹೆಂಡತಿಗೆ ತಂಬಾಕಿನ ವಾಸನೆಗೇ ವಾಂತಿ ಬರುತ್ತದೆ. ಅವಳು ಸೆರಗು ಮೂಗಿಗೆ ಕಟ್ಟಿಕೊಂಡು ರೊಟ್ಟಿ ಬಡಿಯುತ್ತ, ಎರಡೂ ಕಡೆಯ ಹೊಗೆಗೂ ಸೇರಿಸಿ ಬಯ್ಯುತ್ತಿದ್ದಳು.

ಅಪ್ಪ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದವನು. ಸುರಪುರ, ಶಹಾಪುರ, ಯಾದಗಿರಿ. ಮತ್ತೆ ಯಾದಗಿರಿ, ಶಹಾಪುರ, ಸುರಪುರ. ಬಸ್ಸು ಓಡಿಸುವಾಗ ಸೇದುತ್ತಿರಲಿಲ್ಲ. ಯಾದಗಿರಿಯಲ್ಲಿ ಗಾಡಿ ನಿಲ್ಲಿಸಿ, ಇಳಿದು, ನೀರಿನ ಟ್ಯಾಂಕಿನ ನೆರಳಿಗೆ ಕೂತರೆ ಚುಟ್ಟಾ ಮುಗಿಯುವವರೆಗೆ ಯಾರ ಮಾತೂ ಕೇಳಿಸುತ್ತಿರಲಿಲ್ಲ. ಕಂಡಕ್ಟರುಗಳು ಅವನಿಗೆ ಅಂಜುತ್ತಿದ್ದರು. ಹರಟೆ ಕೊಚ್ಚುವ ಪ್ರಯಾಣಿಕರು ಅಂಜುತ್ತಿದ್ದರು. ರಸ್ತೆಯಲ್ಲಿ ಮಲಗಿದ ಎಮ್ಮೆಗಳೂ ಅವನ ಹಾರ್ನಿಗೆ ಬೇಗ ಏಳುತ್ತಿದ್ದವು ಎಂದು ಅವ್ವ ನಗುತ್ತಿದ್ದಳು. ಇವರೆಲ್ಲರಿಗಿಂತ ಹೆಚ್ಚು ಅಂಜುತ್ತಿದ್ದವನು ನಾನು.

ನಮ್ಮ ಕಡೆ ತಂದೆಯ ಮುಂದೆ ಮಗ ಸೇದುವುದಿಲ್ಲ. ಕುಡಿದು ಬಂದವನನ್ನಾದರೂ ಬೈದು, ಹೊಡೆದು ಒಳಗೆ ಕರೆದುಕೊಳ್ಳುತ್ತಾರೆ. ಅಪ್ಪನ ಎದುರಿಗೆ ಬಾಯಿಗೆ ಬೀಡಿ ಇಟ್ಟವನನ್ನು ಜನ ಮನುಷ್ಯರ ಲೆಕ್ಕದಿಂದಲೇ ತೆಗೆದುಬಿಡುತ್ತಾರೆ. ಮಗನಿಗೆ ಐವತ್ತಾದರೂ ಅಷ್ಟೆ. ಸೇದುತ್ತಾನೆ ಎಂದು ಅಪ್ಪನಿಗೆ ಗೊತ್ತಿರಬಹುದು, ಅಪ್ಪನಿಗೆ ಗೊತ್ತಿದೆ ಎಂದು ಮಗನಿಗೂ ಗೊತ್ತಿರಬಹುದು. ಕಣ್ಣಿಗೆ ಮಾತ್ರ ಬೀಳಬಾರದು. ಇದನ್ನು ಯಾರೂ ಕಲಿಸಿದ್ದಲ್ಲ, ನೆಲದ ಮೇಲೆ ನಡೆಯುವುದನ್ನು ಕಲಿತ ಹಾಗೆ ಕಲಿತದ್ದು.

ಒಮ್ಮೆ ಅಪ್ಪನ ಕಣ್ಣಿಗೆ ಬಿದ್ದಿದ್ದೆ. ಆಗ ನನಗೆ ಇಪ್ಪತ್ನಾಲ್ಕು. ಯಾದಗಿರಿ ಬಸ್ ನಿಲ್ದಾಣದಲ್ಲಿ ಟ್ಯಾಂಕಿನ ಹಿಂದೆ ಯಾರೂ ಇಲ್ಲವೆಂದು ಚುಟ್ಟಾ ಹಚ್ಚಿಕೊಂಡು ಈಚೆ ತಿರುಗಿದರೆ ಐದು ಮಾರು ದೂರದಲ್ಲಿ ಅಪ್ಪ. ಅವನ ಬಸ್ಸಿನ ಹೊತ್ತು ಬದಲಾದದ್ದು ನನಗೆ ಗೊತ್ತಿರಲಿಲ್ಲ. ಉರಿಯುವ ಚುಟ್ಟಾವನ್ನು ಹಾಗೇ ಪ್ಯಾಂಟಿನ ಜೇಬಿಗೆ ತುರುಕಿದೆ. ಅಪ್ಪ ಒಂದು ಗಳಿಗೆ ನೋಡಿದ, ಆಮೇಲೆ ಗೋಡೆಯ ಕಡೆ ತಿರುಗಿ, ಇಲ್ಲದ ಕಂಡಕ್ಟರನನ್ನು ಹೆಸರು ಹಿಡಿದು ಕೂಗತೊಡಗಿದ. ನಾನು ತೊಡೆ ಹಿಡಿದುಕೊಂಡು ಓಡಿದೆ. ಆವತ್ತು ಸಂಜೆ ಮನೆಗೆ ಬಂದವನು ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮನ್ನು ಅವ್ವನ ಕೈಗೆ ಕೊಟ್ಟು, ಡಿಪೋದಲ್ಲಿ ಯಾರೋ ಕೊಟ್ಟರು, ಮನೆಯಲ್ಲಿ ಇರಲಿ ಎಂದನಂತೆ. ಅಂದಿನಿಂದ ಹಿತ್ತಲಿಗೆ ಬರುವ ಮೊದಲು ನಡುಮನೆಯಲ್ಲೇ ದೊಡ್ಡದಾಗಿ ಕೆಮ್ಮುತ್ತಿದ್ದ. ಆ ಕೆಮ್ಮಿಗೂ ಅವನಿಗೂ ನಡುವೆ ನನಗೆ ಚುಟ್ಟಾ ಆರಿಸುವಷ್ಟು ಹೊತ್ತು ಸಿಗುತ್ತಿತ್ತು.

ಹೀಗೇ ಇಪ್ಪತ್ತು ವರ್ಷಕ್ಕೂ ಹೆಚ್ಚು ನಡೆಯಿತು. ಆಮೇಲೆ ಅಪ್ಪನ ಕೈ ನಡುಗತೊಡಗಿತು. ಮೊದಲು ಚಹಾದ ಬಸಿ ಗಡಗಡ ಎಂದಿತು, ಆಮೇಲೆ ಅಂಗಿಯ ಗುಂಡಿ ಹಾಕಲು ಬರದಾಯಿತು. ಯಾದಗಿರಿಯ ದವಾಖಾನೆಗೆ ಕರೆದುಕೊಂಡು ಹೋದರೆ, ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ, ಗುಳಿಗೆಯಿಂದ ಸ್ವಲ್ಪ ತಡೆಯಬಹುದು ಎಂದರು. ಚುಟ್ಟಾ ಬಿಡಲೇಬೇಕು ಎಂದೂ ಹೇಳಿದರು. ಎಂಬತ್ತು ದಾಟಿದವನಿಗೆ ಬಿಟ್ಟು ಏನು ಮಾಡಲಿ ಎಂದು ಅಪ್ಪ ತಿರುಗಿ ಕೇಳಿದ. ಡಾಕ್ಟರು ನನ್ನ ಮುಖ ನೋಡಿದರು, ನಾನು ನೆಲ ನೋಡಿದೆ. ಕೊನೆಗೆ ದಿನಕ್ಕೆ ಒಂದು ಎಂಬಲ್ಲಿಗೆ ಮಾತು ನಿಂತಿತು.

ಆ ಒಂದನ್ನು ಅವ್ವ ಹಚ್ಚಿಕೊಡುತ್ತಿದ್ದಳು. ಸಂಜೆ ಐದಕ್ಕೆ ಒಲೆಯ ಮುಂದೆ ಕೂತು, ಸೆರಗಿನ ತುದಿಯಿಂದ ಚುಟ್ಟಾದ ತುದಿ ಹಿಡಿದು, ಒಂದು ದಮ್ಮು ಎಳೆದು ಕೆಂಡ ಮಾಡಿ, ಕೆಮ್ಮುತ್ತ ಕಟ್ಟೆಗೆ ಒಯ್ದು ಅಪ್ಪನ ಬೆರಳುಗಳ ನಡುವೆ ಸಿಕ್ಕಿಸುತ್ತಿದ್ದಳು. ಹಚ್ಚುವ ತನಕ ಕಷ್ಟ. ಒಮ್ಮೆ ಹತ್ತಿತೆಂದರೆ ಅಪ್ಪ ಎರಡೂ ಕೈಯಿಂದ ಹಿಡಿದು ನಿಭಾಯಿಸುತ್ತಿದ್ದ. ಹೋದ ವರ್ಷ ಅವ್ವ ತೀರಿಕೊಂಡಳು. ದಿನಕರ್ಮ ಮುಗಿದು ಮನೆ ಖಾಲಿಯಾದ ಸಂಜೆ ಅಪ್ಪ ಕಟ್ಟೆಯ ಮೇಲೆ ಹಚ್ಚದ ಚುಟ್ಟಾ ಬಾಯಲ್ಲಿಟ್ಟುಕೊಂಡು ಕೂತಿದ್ದ. ಹಚ್ಚಿಕೊಡುವವರಿಲ್ಲ ಎಂದು ನನಗೆ ಆಗ ಹೊಳೆಯಿತು.

ಎದುರು ಮನೆಯಲ್ಲಿ ಅಪ್ಪನ ವಾರಿಗೆಯ ಒಬ್ಬ ಹಳೆಯ ಉರ್ದು ಮಾಸ್ತರರಿದ್ದರು. ಅವರಿಗೆ ಅಪ್ಪ ಹೇಳಲೂ ಇಲ್ಲ, ಅವರು ಕೇಳಲೂ ಇಲ್ಲ. ಮರುದಿನ ಐದಕ್ಕೆ ಬಂದು ಕೂತು, ತಮ್ಮ ಬೀಡಿ ಹಚ್ಚಿಕೊಳ್ಳುವಾಗಲೇ ಅಪ್ಪನ ಚುಟ್ಟಾವನ್ನೂ ಹಚ್ಚಿ ಕೊಟ್ಟರು. ಏಳು ತಿಂಗಳು ಒಂದು ದಿನ ತಪ್ಪಿಸಲಿಲ್ಲ. ಆಮೇಲೆ ಅವರಿಗೆ ಕಣ್ಣಿನ ಆಪರೇಷನ್ ಆಗಿ ರಾಯಚೂರಿನ ಮಗಳ ಮನೆಗೆ ಹೋದರು, ಅಲ್ಲೇ ಉಳಿದರು. ಬೇರೆ ಯಾರನ್ನಾದರೂ ಕರೆಯಲೇ ಎಂದರೆ ಅಪ್ಪ ಬೇಡವೆಂದ. ತನ್ನ ಕೈ ಹೀಗಾದದ್ದನ್ನು ಓಣಿಗೆಲ್ಲ ತೋರಿಸುವುದು ಅವನಿಗೆ ಆಗದ ಮಾತು.

ಇಲ್ಲಿಂದ ನನ್ನ ಪಾಡು ಶುರುವಾಯಿತು. ಚುಟ್ಟಾದ ಗುಣವೇ ಅಂಥದ್ದು, ಬರೀ ಬೆಂಕಿ ತಾಗಿಸಿದರೆ ಹತ್ತುವುದಿಲ್ಲ. ಆ ಕಡೆಯಿಂದ ಒಬ್ಬರು ಎಳೆಯಲೇಬೇಕು. ಅಪ್ಪನಿಗೆ ಎಳೆಯುವ ಶಕ್ತಿ ಇತ್ತು, ಆದರೆ ತಲೆಯೂ ನಡುಗತೊಡಗಿದ್ದರಿಂದ ಬೆಂಕಿ ಇದ್ದಲ್ಲಿ ಚುಟ್ಟಾ ಇರುತ್ತಿರಲಿಲ್ಲ. ನಾನೊಂದು ಉಪಾಯ ಮಾಡಿದೆ. ಅಡಿಗೆಮನೆಗೆ ಒಯ್ದು, ಬಾಗಿಲು ಮುಂದೆ ಮಾಡಿ, ಸರಿಯಾಗಿ ಹಚ್ಚಿ, ತಂದುಕೊಟ್ಟೆ. ಅಪ್ಪ ಖುಷಿಯಿಂದ ಸೇದಿದ. ನಾಲ್ಕು ದಿನ ಹೀಗೆ ನಡೆಯಿತು. ಐದನೇ ದಿನ ಕೈಗೆ ತೆಗೆದುಕೊಂಡವನು ಅದರ ಕೆಂಡ ನೋಡುತ್ತ ಯಾರು ಹಚ್ಚಿದರು ಎಂದು ಕೇಳಿದ. ನಾನು ಹಚ್ಚಿದೆ ಎನ್ನಲು ಬಾಯಿ ಬರಲಿಲ್ಲ. ಒಲೆಯ ಮೇಲೆ ಹತ್ತಿತು ಎಂದೆ.

ಅಷ್ಟೇ ಸಾಕಾಯಿತು. ಅಪ್ಪನಿಗೆ ಹೊಳೆದದ್ದು ಸೊಸೆ. ಮನೆಯಲ್ಲಿ ಇನ್ನು ಒಲೆಯ ಮುಂದೆ ಇರುವವರು ಯಾರು? ಇವತ್ತಿಗೂ ಮಾವನ ಮುಂದೆ ತಲೆಯ ಮೇಲಿನ ಸೆರಗು ಜಾರಗೊಡದ ಹೆಣ್ಣುಮಗಳು ತನ್ನ ಸಲುವಾಗಿ ಬಾಯಿಗೆ ಚುಟ್ಟಾ ಇಟ್ಟಳೆಂದು ತಿಳಿದು ಅವನ ಮುಖ ಕಪ್ಪಿಟ್ಟಿತು. ಚುಟ್ಟಾವನ್ನು ರಸ್ತೆಗೆ ಎಸೆದ.

“ಪರರ ಮನಿ ಹೆಣ್ಣುಮಗಳ ಕೈಲೆ ಎಂಥಾ ಕೆಲಸ ಮಾಡಿಸಾಕತ್ತೀಲೇ? ನಾಳಿಂದ ನನ್ನ ಕಣ್ಣ ಮುಂದ ಹಚ್ಚಬೇಕು, ಇಲ್ಲೇ.”

ಒಳಗೆ ನನ್ನ ಹೆಂಡತಿ ಈ ಮಾತು ಕೇಳಿ, ಅಳುವುದೋ ನಗುವುದೋ ತಿಳಿಯದೆ ಹಿಟ್ಟಿನ ಕೈಯಲ್ಲೇ ನಿಂತಿದ್ದಳು. ಹೋಗಿ ನಿಜ ಹೇಳಬಾರದೇ ಎಂದಳು. ಹೇಳಬಹುದಿತ್ತು. ಎರಡು ಮಾತು. ಆದರೆ ಇಷ್ಟು ವರ್ಷ ಇಬ್ಬರೂ ಸೇರಿ ಕಟ್ಟಿಕೊಂಡು ಬಂದದ್ದನ್ನು ಆ ಎರಡು ಮಾತಿನಲ್ಲಿ ಕೆಡವಲು ನನ್ನಿಂದಾಗಲಿಲ್ಲ. ಅಪ್ಪನಿಗೆ ನಿಜವಾಗಿಯೂ ತಿಳಿದಿರಲಿಲ್ಲವೇ? ತಿಳಿದೇ ಇತ್ತು ಎಂದು ಈಗ ಅನ್ನಿಸುತ್ತದೆ. ತಿಳಿದಿದೆ ಎಂದು ಒಪ್ಪಿಕೊಂಡರೆ, ಹಚ್ಚಿಕೊಡು ಎಂದು ಮಗನಿಗೆ ಹೇಳಬೇಕಾಗುತ್ತಿತ್ತು. ಅದಕ್ಕಿಂತ ಸೊಸೆಯ ಮೇಲೆ ತಪ್ಪು ತಿಳಿದುಕೊಳ್ಳುವುದೇ ಅವನಿಗೆ ಸುಲಭವಾಯಿತು.

ಹೀಗೆ ದಿನಾ ಐದಕ್ಕೆ ಅಪ್ಪ ಚುಟ್ಟಾ ಬಾಯಲ್ಲಿಟ್ಟುಕೊಂಡು ಮುಖ ಮುಂದೆ ಚಾಚುವುದು, ನಾನು ಎದುರಿಗೆ ಮೊಣಕಾಲೂರಿ ಕಡ್ಡಿ ಕೊರೆಯುವುದು. ಇದರಲ್ಲಿ ಇನ್ನೊಂದು ಫಜೀತಿ ಇತ್ತು. ಚುಟ್ಟಾ ಹೇಗೆ ಹಚ್ಚಬೇಕೆಂದು ನನಗೆ ಗೊತ್ತಿರುವಷ್ಟು ಶಹಾಪುರದಲ್ಲಿ ಇನ್ನಾರಿಗೂ ಗೊತ್ತಿರಲಿಕ್ಕಿಲ್ಲ. ಉರಿಯನ್ನು ತಾಗಿಸಬಾರದು, ಬೆರಳಷ್ಟು ಕೆಳಗೆ ಹಿಡಿದು ತುದಿಯನ್ನು ಸುತ್ತಲೂ ಕಾಯಿಸಬೇಕು, ಅಂಚು ಬೂದಿಯಾದಾಗ ಮೆಲ್ಲಗೆ ಎಳೆಯಬೇಕು. ಆದರೆ ಗೊತ್ತಿದೆ ಎಂದು ತೋರಿಸುವ ಹಾಗಿಲ್ಲ. ಊದುಬತ್ತಿಗೆ ಹಿಡಿಯುವಂತೆ ನೇರ ಉರಿಗೇ ಹಿಡಿಯುತ್ತಿದ್ದೆ. ಒಂದೇ ಕಡೆ ಸುಟ್ಟು ಕರಕಲಾಗುತ್ತಿತ್ತು. ತಿರುವಲೇ, ತಿರುವು ಎಂದು ಅಪ್ಪ ಹಲ್ಲಿನ ನಡುವಿನಿಂದಲೇ ಗದರುತ್ತಿದ್ದ. ಇಷ್ಟು ಓದಿಸಿದ್ದು ದಂಡ, ಒಂದು ಚುಟ್ಟಾ ಹಚ್ಚಾಕ ಬರೂದಿಲ್ಲ ಎನ್ನುತ್ತಿದ್ದ. ನಾನು ಪೆಚ್ಚುಮೋರೆ ಹಾಕಿಕೊಂಡು ಮತ್ತೊಂದು ಕಡ್ಡಿ ಕೊರೆಯುತ್ತಿದ್ದೆ. ಆರೇಳು ಕಡ್ಡಿಗೆ ಹೇಗೋ ಹತ್ತುತ್ತಿತ್ತು. ನಿಜ ಹೇಳುತ್ತೇನೆ, ಆ ಬೈಗುಳ ನನಗೆ ಹಿತವಾಗಿತ್ತು. ಅವ್ವ ಹೋದ ಮೇಲೆ ಅಪ್ಪ ಅಷ್ಟು ಜೋರಾಗಿ ಮಾತಾಡುತ್ತಿದ್ದುದು ಆಗ ಮಾತ್ರ.

ಚಳಿಗಾಲ ಬಂತು. ನಡುಕ ದವಡೆಗೆ ಇಳಿಯಿತು. ಚುಟ್ಟಾ ತುಟಿಯಲ್ಲಿ ನಿಲ್ಲದಾಯಿತು. ಒಂದು ಸಂಜೆ ಹತ್ತಿ ತುಂಬಿದ ಲಾರಿಗಳು ಸಾಲಾಗಿ ಹೋಗುತ್ತಿದ್ದವು, ಗಾಳಿಯೂ ಇತ್ತು. ಕಡ್ಡಿಪೆಟ್ಟಿಗೆ ಅರ್ಧ ಖಾಲಿಯಾಯಿತು. ಒಂದು ಉರಿ ಅಪ್ಪನ ಮೀಸೆಗೆ ತಾಗಿ ಸುಟ್ಟ ಕೂದಲಿನ ವಾಸನೆ ಬಂತು. ಅಪ್ಪ ಬೈಯಲಿಲ್ಲ. ಚುಟ್ಟಾ ಬಾಯಿಂದ ಜಾರಿ ಧೋತರದ ಮಡಿಕೆಯಲ್ಲಿ ಬಿತ್ತು. ಅದನ್ನು ಹಿಡಿಯಲು ಹೋದ ಬೆರಳುಗಳು ಅದರ ಸುತ್ತಲೇ ಓಡಾಡಿದವು, ಹಿಡಿಯಲಿಲ್ಲ. ನಾಲ್ಕು ಸಲ ಹಿಡಿಯಲು ನೋಡಿದ. ಆಮೇಲೆ ಕೈಬಿಟ್ಟು ನನ್ನ ಕಡೆ ನೋಡಿದ. ಕಣ್ಣಲ್ಲಿ ನೀರಿತ್ತು.

“ಏನಾರೆ ಮಾಡಲೇ,” ಅಂದ.

ನನ್ನಿಂದ ತಡೆಯಲಾಗಲಿಲ್ಲ. ಧೋತರದ ಮೇಲಿನ ಚುಟ್ಟಾ ತೆಗೆದುಕೊಂಡು ನನ್ನ ಬಾಯಿಗಿಟ್ಟೆ. ತುದಿ ಅಪ್ಪನ ಜೊಲ್ಲಿನಿಂದ ಒದ್ದೆಯಾಗಿತ್ತು. ಗಾಳಿಗೆ ಬೆನ್ನು ಮಾಡಿ, ಅಂಗೈ ಮರೆಯಲ್ಲಿ ಕಡ್ಡಿ ಕೊರೆದು, ಉರಿಯನ್ನು ಕೆಳಗೆ ಹಿಡಿದು, ಚುಟ್ಟಾವನ್ನು ಎರಡು ಸುತ್ತು ತಿರುಗಿಸಿ, ಮೆಲ್ಲಗೆ ಎಳೆದೆ. ಒಂದೇ ಕಡ್ಡಿ. ತುದಿ ಪೂರ್ತಿ ದುಂಡಗೆ ಕೆಂಪಾಯಿತು.

ಅಲ್ಲಿಗೆ ನಿಲ್ಲಿಸಿ ಕೊಟ್ಟುಬಿಡಬೇಕಿತ್ತು. ಕೊಡಲಿಲ್ಲ. ಅಪ್ಪನ ಕಾಯಿಲೆ ಜೋರಾದಾಗಿನಿಂದ ಹಿತ್ತಲಿನಲ್ಲಿ ಕೂಡಲು ನನಗೆ ಬಿಡುವೇ ಸಿಕ್ಕಿರಲಿಲ್ಲ, ತಿಂಗಳ ಮೇಲಾಗಿತ್ತು. ಮೊದಲ ದಮ್ಮಿನ ಖಾರ ಗಂಟಲಿಗೆ ಹೋಯಿತು, ಹಿಂದೆಯೇ ಸಿಹಿ ಬಂತು. ಇನ್ನೊಂದು ಎಳೆದೆ. ಹೊಗೆಯನ್ನು ಬಾಯಲ್ಲಿ ಹಿಡಿದು, ಕಣ್ಣು ಮುಚ್ಚಿ, ಮೂಗಿನಿಂದ ಸಣ್ಣಗೆ ಬಿಟ್ಟೆ. ಮತ್ತೊಂದು ಎಳೆದೆ. ಎದುರಿಗೆ ಯಾರು ಕೂತಿದ್ದಾರೆ ಎಂಬುದೇ ಆ ಹೊತ್ತು ನನಗೆ ಮರೆತುಹೋಗಿತ್ತು. ಕಣ್ಣು ತೆರೆದಾಗ ಅಪ್ಪ ನನ್ನನ್ನೇ ನೋಡುತ್ತಿದ್ದ. ನನ್ನ ಮೂಗಿನಿಂದ ಇನ್ನೂ ಹೊಗೆ ಬರುತ್ತಿತ್ತು.

ಸಿಟ್ಟಿನ ಮುಖವಾಗಿರಲಿಲ್ಲ. ಸಿಟ್ಟಾಗಿದ್ದರೆ ನಾನು ಬದುಕುತ್ತಿದ್ದೆ. ಚುಟ್ಟಾವನ್ನು ಅವನ ಎರಡೂ ಕೈಗಳ ನಡುವೆ ಇಟ್ಟೆ. ಅವನು ಅದರ ಕೆಂಡವನ್ನು ತಿರುಗಿಸಿ ತಿರುಗಿಸಿ ನೋಡಿದ. ಛಲೋ ಹಚ್ಚಿದಿ ಎಂದ. ಬಾಯಿಗೆ ಮಾತ್ರ ಇಡಲಿಲ್ಲ. ಕೊನೆಯ ಲಾರಿ ಹೋಗುವವರೆಗೆ ರಸ್ತೆಯ ಕಡೆಗೇ ನೋಡಿದ.

“ಇಷ್ಟ ದಿನ ಒಬ್ಬಾವನರೆ ಅಂಜಾವ ಇದ್ದ,” ಅಂದ. ಆಮೇಲೆ ಚುಟ್ಟಾವನ್ನು ಕಟ್ಟೆಯ ಅಂಚಿಗೆ ಇಟ್ಟ. ಅದು ಅಲ್ಲೇ ಆರಿತು.

ನಾನು ಏನೇನೋ ಹೇಳಬೇಕೆಂದುಕೊಂಡೆ. ನಿನ್ನ ಕೈಗೆ ಅಂಜಿರಲಿಲ್ಲ ಯಪ್ಪಾ, ನಿನಗೆ ಅಂಜಿದ್ದು, ಈಗಲೂ ಅಂಜುತ್ತೇನೆ ಎಂದು. ಆದರೆ ನನ್ನ ಬಾಯಲ್ಲಿ ಚುಟ್ಟಾದ ವಾಸನೆ ಇತ್ತು, ಆ ಬಾಯಿ ತೆರೆಯಲು ನಾಚಿಕೆಯಾಯಿತು.

ಮರುದಿನ ಐದಕ್ಕೆ ಚುಟ್ಟಾದ ಕಟ್ಟು, ಕಡ್ಡಿಪೆಟ್ಟಿಗೆ ಹಿಡಿದುಕೊಂಡು ಕಟ್ಟೆಗೆ ಹೋದೆ. ಹಚ್ಚಲೇನು ಎಂದು ಕೇಳಿದೆ.

“ಬ್ಯಾಡ್ರಿ,” ಅಂದ.

ನನ್ನ ಹಿಂದೆ ಯಾರೋ ಬಂದು ನಿಂತಿದ್ದಾರೆ ಎಂದುಕೊಂಡು ಹೊರಳಿ ನೋಡಿದೆ. ಬಾಗಿಲಲ್ಲಿ ಯಾರೂ ಇರಲಿಲ್ಲ. ಅಂದದ್ದು ನನಗೆ.

ನಮ್ಮ ಮಾತಿನಲ್ಲಿ ಆ ‘ರಿ’ ಪರರಿಗೆ ಇರುವಂಥದ್ದು. ಬೀಗರಿಗೆ, ಸಾಹೇಬರಿಗೆ, ಬಸ್ಸಿನಲ್ಲಿ ಕೂತ ಗುರುತಿಲ್ಲದ ಪ್ರಯಾಣಿಕರಿಗೆ. ಹೊತ್ತು ಆಡಿಸಿದ ಮಗನಿಗೆ ಯಾವ ತಂದೆಯೂ ಅನ್ನುವುದಿಲ್ಲ. ಹಂಗಿಸುತ್ತಿದ್ದಾನೆ ಎಂದುಕೊಂಡು ಅವನ ಮುಖದಲ್ಲಿ ನಗುವೋ ಸಿಟ್ಟೋ ಬರಲೆಂದು ಕಾದೆ. ಎರಡೂ ಬರಲಿಲ್ಲ. ಊಟಕ್ಕೆ ಕರೆದಾಗ ಬಂದೆನ್ರಿ ಎಂದ. ಗುಳಿಗೆ ಕೊಟ್ಟಾಗ ಕೊಡ್ರಿ ಎಂದ. ನನ್ನ ಹೆಂಡತಿ ಎರಡು ದಿನ ಕೇಳಿಸಿಕೊಂಡು, ಮೂರನೇ ದಿನ ನನ್ನನ್ನು ಒಳಗೆ ಕರೆದು, ಮಾವನವರಿಗೆ ನೀವು ಏನು ಮಾಡಿದಿರಿ ಎಂದು ಕೇಳಿದಳು. ಚುಟ್ಟಾ ಹಚ್ಚಿಕೊಟ್ಟೆ ಎಂದೆ.

ಆವತ್ತಿನಿಂದ ಅಪ್ಪ ಚುಟ್ಟಾ ಕೇಳಿಲ್ಲ. ಡಾಕ್ಟರು ಬಹಳ ಒಳ್ಳೆಯದಾಯಿತು ಎಂದು ಬೆನ್ನು ತಟ್ಟಿದರು. ಅವರಿಗೂ ಅವನು ಹೌದ್ರಿ ಎಂದ, ನನಗೂ ಹೌದ್ರಿ ಎಂದ, ಎರಡರಲ್ಲಿ ಏನೂ ಫರಕು ಇರಲಿಲ್ಲ. ನಾನು ಒಂದು ಸಲ ಹಿತ್ತಲಿಗೆ ಹೋಗಿ ಹಚ್ಚಿಕೊಂಡೆ. ಗೋಡೆಗೆ ಒರಗಿ ಕೂತೆ. ಮುಚ್ಚಿಡುವುದಕ್ಕೆ ಯಾರೂ ಇರಲಿಲ್ಲ. ಕಾಲು ಭಾಗವೂ ಮುಗಿಯದೆ ಅದನ್ನು ಬಚ್ಚಲ ನೀರಿಗೆ ಎಸೆದೆ.

ಈಗ ಬೇರೆ ಕೆಲಸ ಹಿಡಿದಿದ್ದೇನೆ, ಬೈಸಿಕೊಳ್ಳುವ ಕೆಲಸ. ವಯಸ್ಸಾದವನು ಮಾಡುವಂಥದ್ದಲ್ಲ. ಅವನು ಪೇಪರ್ ಓದುವಾಗ ಬೆಳಕಿಗೆ ಅಡ್ಡ ನಿಲ್ಲುತ್ತೇನೆ. ಚಪ್ಪಲಿ ಹಾಕಿಕೊಂಡು ನಡುಮನೆಗೆ ಹೋಗುತ್ತೇನೆ. ಮೋಟಾರ್ ಸೈಕಲ್ಲನ್ನು ಕಟ್ಟೆಗೆ ತಾಗುವಂತೆ ನಿಲ್ಲಿಸುತ್ತೇನೆ. ಇದರಲ್ಲಿ ಯಾವುದೊಂದಕ್ಕೂ ಹಿಂದೆ ಓಣಿಗೆಲ್ಲ ಕೇಳುವಂತೆ ಕೂಗುತ್ತಿದ್ದವನು ಈಗ ತಾನೇ ಸರಿದು ಜಾಗ ಬಿಡುತ್ತಾನೆ.

ಮೊನ್ನೆ ನಾಲ್ಕು ದಿನದ ಮೇಲೆ ನಳಕ್ಕೆ ನೀರು ಬಂದಿತ್ತು. ಒಂದು ಕೊಡ ನೀರು ಪೋಲಾದರೂ ಅಪ್ಪನಿಗೆ ಮೈಯೆಲ್ಲ ಉರಿಯುತ್ತಿತ್ತು. ಬೇಕೆಂದೇ ನಳ ಬಂದ್ ಮಾಡದೆ ಬಂದು, ಅವನ ಎದುರಿಗೇ ಕೂತೆ. ಟಾಕಿ ತುಂಬಿತು, ಅಂಗಳಕ್ಕೆ ಹರಿಯಿತು, ಕಟ್ಟೆಯ ಕೆಳಗೆ ಬಂತು. ಅಪ್ಪ ನೀರು ನೋಡಿದ. ನಾನು ಅವನ ಬಾಯಿಯನ್ನೇ ನೋಡುತ್ತಿದ್ದೆ. ಅವನು ನಡುಗುವ ಎರಡೂ ಕಾಲುಗಳನ್ನು ಮೆಲ್ಲಗೆ ಕಟ್ಟೆಯ ಮೇಲಕ್ಕೆ ಎತ್ತಿಕೊಂಡ.

“ನೀರ ಹರದು ಬರಾಕತ್ತಾವ,” ಅಂದ. “ನಿಮಗ ಆದರ ಸ್ವಲ್ಪ ನೋಡ್ರಿ.”